ತಂಪಿಗೆಂದು ಕೊಟ್ಟ ಹೆಂಡ

ಇವತ್ತು ಬೆಳಿಗ್ಗೆ ದೋಸೆ ಹಿಟ್ಟು ಉಕ್ಕಿ ಪಾತ್ರೆಯಿಂದ ಹೊರಗೆ ಹರಿದಿತ್ತು. ಸೆಕೆಗೆ ಹುಳಿ ಹೆಚ್ಚಾಗಿತ್ತು. ಮುಚ್ಚಳ ತೆಗೆದ ಕೂಡಲೇ ಬಂದ ವಾಸನೆ ಈಚಲ ಹೆಂಡದ್ದೇ ಅನ್ನಿಸಿತು. ಹಿಟ್ಟು ಚೆಲ್ಲಿ ಪಾತ್ರೆ ತೊಳೆದೆ. ವಾಸನೆ ಮಾತ್ರ ಬಹಳ ಹೊತ್ತು ಮೂಗಿನಿಂದ ಹೋಗಲಿಲ್ಲ.

ಎಪ್ಪತ್ತರ ದಶಕದ ಕೊನೆ, ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ನಮ್ಮೂರು ಸೊಕ್ಕೆಯಲ್ಲಿ ಪಕ್ಕದ ಮನೆಗೆ ಮದುವೆಯಾಗಿ ಬಂದವರನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ಅವರ ಅತ್ತೆಯನ್ನು ಅಜ್ಜಿ. ಹಳ್ಳದ ದಂಡೆಯ ಈಚಲ ಮರಗಳಿಂದ ಹೆಂಡ ಇಳಿಸುವುದು ಆ ಮನೆಯ ಕಸುಬು. ಬಸುರಿಯ ಮೈ ಉಷ್ಣವಾಗುತ್ತದೆ, ಬೆಳಗಿನ ಹೆಂಡ ತಂಪು ಎಂದು ಅಜ್ಜಿ ನಂಬಿದ್ದರು. ಅತ್ತಿಗೆ ಮೊದಲ ಸಲ ಬಸುರಾದಾಗ, ಇಳಿಸಿ ತಂದ ಹೆಂಡದಲ್ಲಿ ಮೊದಲ ಲೋಟ ಅವರದೇ.

“ನನ್ನ ಮಗನಿಗೂ ಕೊಟ್ಟಿಲ್ಲ, ನಿನಗೇ ತಂದೀನಿ. ಕುಡಿ, ಕೂಸು ಬೆಣ್ಣೆ ಹಂಗೆ ಹುಟ್ಟತೈತೆ.”

“ಬೆಣ್ಣೆ ಆದ್ರೆ ಈ ಬಿಸಿಲಿಗೆ ಕರಗಿಹೋಗ್ತೈತಲ್ಲ ಅತ್ತೆ?”

ಇಬ್ಬರೂ ನಗುತ್ತಿದ್ದರು. ಅತ್ತಿಗೆ ಕಣ್ಣು ಮುಚ್ಚಿ, ಮದ್ದು ಕುಡಿದಂತೆ ಕುಡಿಯುತ್ತಿದ್ದರು…

ಹುಟ್ಟಿದ ಹೆಣ್ಣುಮಗು ಅಂಗೈಯಗಲವಿತ್ತು. ಸಣ್ಣ ಮುಖ, ಕಿರಿದಾದ ಕಣ್ಣು. ಮೊಲೆ ಚೀಪಲು ಬರುತ್ತಿರಲಿಲ್ಲ. ಹತ್ತಿಯಲ್ಲಿ ಹಾಲು ಅದ್ದಿ ಬಾಯಿಗೆ ಹಿಂಡುತ್ತಿದ್ದರು. ಓರಗೆಯ ಮಕ್ಕಳು ಓಡಾಡುವಾಗಲೂ ಅದು ಕೌದಿಯ ಮೇಲೆ ಮಲಗಿಯೇ ಇರುತ್ತಿತ್ತು. ಯಾರದೋ ದೃಷ್ಟಿ ಎಂದರು.

ಮತ್ತೆ ಬಸುರಾದಾಗ ಅತ್ತಿಗೆ ಮಗುವನ್ನೂ ನನ್ನನ್ನೂ ಕರೆದುಕೊಂಡು ಜಗಳೂರಿಗೆ ಹೋದರು. ಅಲ್ಲಿನ ಡಾಕ್ಟರಮ್ಮ ಮಗುವನ್ನು ತಿರುಗಿಸಿ ಮುರುಗಿಸಿ ನೋಡಿದರು. ಬಸುರಿದ್ದಾಗ ಏನು ತಿಂದಿರಿ, ಏನು ಕುಡಿದಿರಿ ಎಂದು ಕೇಳಿದರು. ಅತ್ತಿಗೆ ಏನನ್ನೂ ಮುಚ್ಚಿಡಲಿಲ್ಲ.

“ಇನ್ನು ಒಂದು ಗುಟುಕೂ ಬೇಡಮ್ಮ. ಹೆಂಡ, ಸಾರಾಯಿ, ಬ್ರಾಂದಿ, ಯಾವುದೂ. ನೀವು ಕುಡಿದದ್ದು ಹೊಟ್ಟೆಯ ಕೂಸಿಗೂ ಹೋಗುತ್ತೆ. ಅದರ ಮಿದುಳೇ ಸರಿಯಾಗಿ ಬೆಳೆಯಲ್ಲ.”

ಬಸ್ಸಿನಲ್ಲಿ ಅತ್ತಿಗೆ ನನ್ನ ಮಣಿಕಟ್ಟು ಹಿಡಿದುಕೊಂಡೇ ಇದ್ದರು. ಇಳಿದಾಗ ಉಗುರಿನ ಗುರುತು ಮೂಡಿತ್ತು.

ಮರುದಿನ ಬೆಳಿಗ್ಗೆ ಅಜ್ಜಿ ಲೋಟ ತಂದರು. ನಾನು ಮಗುವಿನ ಪಕ್ಕ ಕೂತಿದ್ದೆ.

“ಬ್ಯಾಡ ಅತ್ತೆ. ಕೂಸಿಗೆ ಆಗಲ್ಲಂತೆ.”

“ಯಾರಂದೋರು? ಆ ಡಾಕ್ಟ್ರಾ? ಆಕೆ ಯಾವತ್ತು ಈಚಲ ಮರ ಹತ್ತಿದ್ಲು?”

ಅತ್ತಿಗೆ ನಗಲಿಲ್ಲ. ಕೌದಿಯ ಮೇಲಿನ ಮಗುವನ್ನು ನೋಡಿದರು. ಅಜ್ಜಿಯೂ ನೋಡಿದರು.

“ಅಂದ್ರೆ… ಇದು ನಾನು ಕೊಟ್ಟಿದ್ದಕ್ಕಾ?”

ಅಜ್ಜಿ ಲೋಟವನ್ನು ಅತ್ತಿಗೆಯ ತುಟಿಗೆ ಒತ್ತಿದರು. “ಕುಡಿ. ಈ ಸಲಾನೂ ಕುಡಿ. ಕೂಸು ಚೆಂದಾಗಿ ಹುಟ್ಲಿ, ಆಕೆ ಹೇಳಿದ್ದು ಸುಳ್ಳು ಅಂತ ಗೊತ್ತಾಗ್ಲಿ. ನಿನ್ನ ಕಾಲಿಗೆ ಬೀಳ್ತೀನಿ, ಕುಡಿಯೇ!”

ಅಜ್ಜಿಯ ಮುಖದಲ್ಲಿ ಅಷ್ಟು ಹೆದರಿಕೆಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅತ್ತಿಗೆ ತುಟಿ ಬಿಗಿದು, ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡು ಗೋಡೆಗೆ ಸರಿದರು. ಹೆಂಡ ಸೆರಗಿನ ಮೇಲೆ ಚೆಲ್ಲಿತು. ಅದೇ ಸೀರೆಯಲ್ಲಿ, ಮಗುವನ್ನು ಸೊಂಟಕ್ಕೇರಿಸಿಕೊಂಡು, ಹೊನ್ನಾಳಿ ಕಡೆಯ ತವರಿಗೆ ಹೊರಟುಹೋದರು.

ಗಂಡುಮಗು ಹುಟ್ಟಿತು, ಚೆನ್ನಾಗಿ ಹಾಲು ಕುಡಿಯುತ್ತದೆ ಎಂಬ ಸುದ್ದಿ ಬಂದಾಗ ಓಣಿಯವರೆಲ್ಲ ಸಂತೋಷಪಟ್ಟರು. ಅಜ್ಜಿ ಸಕ್ಕರೆ ಹಂಚಲಿಲ್ಲ. ಒಳಗೆ ಹೋಗಿ ಹಗಲಲ್ಲೇ ಬಾಗಿಲು ಹಾಕಿಕೊಂಡರು. ಒಳಗಿನಿಂದ ಕೇಳಿದ್ದು ಅಳುವೋ ಏನೋ… ನಾನು ಕಿವಿ ಮುಚ್ಚಿಕೊಂಡು ಮನೆಗೆ ಓಡಿದೆ.

ಅತ್ತಿಗೆ ಮರಳಲಿಲ್ಲ. ಮೊದಲ ಮಗು ತವರಿನಲ್ಲೇ ತೀರಿಕೊಂಡಿತೆಂದು ಆಮೇಲೆ ತಿಳಿಯಿತು. ಮುಂದೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವಾಗ ಡಾಕ್ಟರಮ್ಮನ ಮಾತಿಗೆ ಆಧಾರ ಹುಡುಕಿದೆ. ಆ ಮಗುವಿಗೆ ಹೆಂಡವೇ ಕಾರಣವೆಂದು ನಾನು ಖಚಿತವಾಗಿ ಹೇಳಲಾರೆ. ಆದರೆ ಬಸುರಿ ಇಷ್ಟು ಕುಡಿದರೆ ಅಪಾಯವಿಲ್ಲ ಎಂಬ ಅಳತೆಯೂ ನನಗೆ ಎಲ್ಲೂ ಸಿಗಲಿಲ್ಲ.

ಈಗ ಅಜ್ಜಿ ಇಲ್ಲ. ಅತ್ತಿಗೆ ಎಲ್ಲಿದ್ದಾರೋ ತಿಳಿಯದು. ಬೆಳಗಿನಿಂದ ಆ ಹೆಣ್ಣುಮಗುವಿನ ಹೆಸರು ನೆನಪಿಸಿಕೊಳ್ಳಲು ನೋಡುತ್ತಿದ್ದೇನೆ. ತೊಟ್ಟಿಲಲ್ಲಿ ಹಾಕಿ ಏನೋ ಒಂದು ಹೆಸರಿಟ್ಟಿದ್ದರು… ಆದರೆ ಕೂಗಿದರೂ ಮಗು ತಿರುಗಿ ನೋಡುತ್ತಿರಲಿಲ್ಲವಾದ್ದರಿಂದ, ಆ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ.