ಕಂಕುಳಿನ ಉಂಗುರಬಲೆ

ಮಿಲಾನಿನ ಕವಚಗಾರರ ಕೇರಿಯಲ್ಲಿ ಇನ್ನೂ ಸುತ್ತಿಗೆ ಸದ್ದೆದ್ದಿಲ್ಲ. ಬೆಲ್ತ್ರಮೀನಾ ಆಗಲೇ ಬಾಗಿಲ ಬೆಳಕಿಗೆ ಮಣೆ ಎಳೆದುಕೊಂಡು ಕೂತಿದ್ದಾಳೆ. ತೊಡೆಯ ಮೇಲೆ ಕವಚದೊಳಗೆ ತೊಡುವ ದಪ್ಪನೆಯ ಅಂಗಿ, ಮೂಗಿಗೆ ರಾಚುವ ಹಳೆ ಬೆವರಿನ ನಾತ. ಉಕ್ಕಿನ ತಗಡು ಮುಚ್ಚಲಾರದ ಕಂಕುಳಿಗೆ ಕಬ್ಬಿಣದ ಉಂಗುರಗಳ ಬಲೆ ಹೊಲಿಯುವುದು, ಬಿಚ್ಚಿ ತುಕ್ಕು ತೆಗೆದು ಮತ್ತೆ ಹೊಲಿಯುವುದು ಅವಳ ಕೆಲಸ. ತಗಡಿನ ಮೇಲೆ ಕವಚಗಾರನ ಮುದ್ರೆ ಬೀಳುತ್ತದೆ. ಇವಳಿಗೆ ಎಂಥ ಮುದ್ರೆ, ಮಣ್ಣು? ಹೊಲಿಗೆ ಹರಿದ ದಿನ ಮಾತ್ರ ಇಡೀ ಕೇರಿಗೆ ಇವಳ ಹೆಸರು ನೆನಪಾಗುತ್ತದೆ.

ಇವತ್ತು ಸಿಟ್ಟಿಗೆ ಅವಳ ಮೈಯೆಲ್ಲ ಉರಿಯುತ್ತಿದೆ. ಅಂಗಿ ಗಾಸ್ಪರಿನೊನದು. ದೊಡ್ಡಮನೆಯ ಆ ಹುಡುಗನಿಗೆ ಎದೆಹಾಲು ಕೊಟ್ಟು ಬೆಳೆಸಿದವಳು ಇವಳೇ. ಮಧ್ಯಾಹ್ನದ ಪಂದ್ಯದಲ್ಲಿ ಅವನು ಕುದುರೆಯೇರಿ ಭರ್ಜಿ ಹಿಡಿದು ಕಣಕ್ಕಿಳಿಯಬೇಕು. ಆ ಮನೆಯ ಪಾರುಪತ್ಯಗಾರ ಜಿರಾರ್ದೊ ಒದ್ದೆ ಅಂಗಿಯನ್ನು ಚಳಿಗಾಲವಿಡೀ ಪೆಟ್ಟಿಗೆಯಲ್ಲಿ ಅದುಮಿಟ್ಟು, ಈಗ ತಂದು, ಕೊರಳಿಗೊಂದು ರೇಷ್ಮೆ ಅಂಚು ಕಟ್ಟಿಕೊಡು ಎನ್ನುತ್ತಿದ್ದಾನೆ. ಒಳಗೆ ದಾರ ಕೊಳೆತಿದೆ. ಸಾಲದ್ದಕ್ಕೆ ಹೋದ ಸಲ ಅವಸರಕ್ಕೆ ಯಾರಿಂದಲೋ ಹೊಲಿಸಿ ಬಲೆಯನ್ನೇ ಅಡ್ಡ ಕೂರಿಸಿದ್ದಾರೆ, ಕೈ ಸೇದಿಹೋಗಲಿ ಅವರದು. ಬಲೆಗೂ ಬಟ್ಟೆಯಂತೆ ಉದ್ದ ಅಡ್ಡ ಉಂಟು. ಉದ್ದಕ್ಕೆ ಇಳಿಬಿಟ್ಟರೆ ಉಂಗುರಗಳು ಒತ್ತಿ ಕೂರುತ್ತವೆ, ಅಡ್ಡಕ್ಕೆ ಬಿಟ್ಟರೆ ಬಾಯಿ ಬಿಡುತ್ತವೆ.

"ಒಳಗೆ ಯಾರು ನೋಡ್ತಾರಮ್ಮಾ? ಸುಮ್ನೆ ಅಂಚು ಕಟ್ಟು," ಎನ್ನುತ್ತಾನೆ ಜಿರಾರ್ದೊ.

"ಎದುರಿಗಿರೋನ ಭರ್ಜಿ ನೋಡತ್ತೆ."

ಅಷ್ಟೇ ಹೇಳಿ ಚೂರಿ ತೆಗೆದು ಬಲಗಡೆಯ ಹೊಲಿಗೆಯನ್ನೆಲ್ಲ ಪರಪರ ಕಿತ್ತುಹಾಕುತ್ತಾಳೆ. ಜಿರಾರ್ದೊ ಕೂಗಾಡುತ್ತಾನೆ, ಇನ್ನು ಈ ಕೇರಿಯಲ್ಲಿ ನಿನಗೆ ಕೆಲಸ ಸಿಕ್ಕೀತೇ ನೋಡುತ್ತೇನೆ ಎನ್ನುತ್ತಾನೆ. ಅವಳು ದಾರಕ್ಕೆ ಮೇಣ ಹಚ್ಚುತ್ತಾಳೆ. ಪ್ರತಿ ಹೊಲಿಗೆಗೂ ಬೇರೆ ಗಂಟು, ಒಂದು ಹರಿದರೆ ಉಳಿದವು ಹಿಡಿದಿರಬೇಕು.

ಬಲಗಡೆ ಮುಗಿಯುವಷ್ಟರಲ್ಲಿ ಕಣದ ತುತ್ತೂರಿ ಕೇಳಿಸುತ್ತದೆ. ಗಾಸ್ಪರಿನೊ ಖುದ್ದು ಓಡಿಬಂದು, ಊರ ಮುಂದೆ ತನ್ನನ್ನು ಹೇಡಿ ಮಾಡುತ್ತೀಯಾ ಎಂದು ಸಿಡುಕುತ್ತಾನೆ. ಅವಳು ಅವನ ಕೈಗೆ ದಬ್ಬಣ ಕೊಡುತ್ತಾಳೆ.

"ನೀನೇ ಚುಚ್ಚಿ ನೋಡಪ್ಪಾ."

ಎಡಗಂಕುಳಿನಲ್ಲಿ ದಬ್ಬಣ ಸಲೀಸಾಗಿ ಒಳಗಿಳಿಯುತ್ತದೆ. ಬಲಗಡೆ ಕಟ್ಟೆಂದು ತಡೆದು ನಿಲ್ಲುತ್ತದೆ. ಹುಡುಗನ ಮುಖ ಬಿಳುಚುತ್ತದೆ. ಜಿರಾರ್ದೊನತ್ತ ಒಮ್ಮೆ ನೋಡಿ, ಪಂದ್ಯದ ಮೊದಲ ಸುತ್ತಿನಲ್ಲಿ ನಾನಿಲ್ಲವೆಂದು ಹೋಗಿ ಹೇಳು ಎಂದು ಅವನನ್ನೇ ಓಡಿಸಿ, ಹೊಸ್ತಿಲ ಮೇಲೆ ಕೂರುತ್ತಾನೆ.

ನಿನಗೇನು ಬೇಕು ಕೇಳು ಎನ್ನುತ್ತಾನೆ ಆಮೇಲೆ. ಬೆಲ್ತ್ರಮೀನಾಳ ಸಿಟ್ಟು ಇನ್ನೂ ಇಳಿದಿಲ್ಲ. ಎಡಗಡೆಯ ದಾರ ಕೀಳುತ್ತಲೇ ಹೇಳುತ್ತಾಳೆ:

"ಸಂಜೆ ಕಣದಿಂದ ಗಾಯವಿಲ್ದೆ ಬಂದು ಇಲ್ಲೇ ಎರಡೂ ಕೈ ಎತ್ತಿ ನಿಂತ್ಕೋ. ನನ್ನ ಹೊಲಿಗೆ ನಾನೊಬ್ಳು ನೋಡಿದ್ರೆ ಸಾಕು."