ಟೆಂಪೆ ಮಾರುವವಳ ಮನೆಯ ಬಿಳಿ ಗಂಜಿ

“ಸಾಕಾಗಿಹೋಗಿದೆ ಅಕ್ಕಾ. ಬೆಳಕು ಹರಿಯೋಕೆ ಮುಂಚೆ ಸೋಯಾ ಕಾಳು ಬೇಯಿಸ್ತೀನಿ, ತುಳಿದು ಸಿಪ್ಪೆ ತೆಗೀತೀನಿ, ಬೂಷ್ಟಿನ ಹೆಪ್ಪು ಬೆರೆಸಿ ಬಾಳೆಲೇಲಿ ಕಟ್ಟಿಡ್ತೀನಿ. ಬಿಳಿ ನೂಲು ಹಬ್ಬಿ ಕಾಳೆಲ್ಲ ಅಂಟಿಕೊಂಡ್ರೆ ಟೆಂಪೆ. ಅದನ್ನ ಮಾರಿ ಬಂದ್ರೆ ಇವರ ಕಾಲಿನ ಗಾಯ. ತೊಳೀತೀನಿ, ಮುಲಾಮು ಹಚ್ತೀನಿ. ತಿಂಗಳುಗಟ್ಟಲೆ ಆಯ್ತು, ಹಾಳಾದ್ದು ಬಾಯಿ ಮುಚ್ಚೋದಿಲ್ಲ. ನಾನೇನು ಕಡಿಮೆ ಮಾಡಿದೀನಿ ಹೇಳು? ಬಿಳಿ ಗಂಜಿ ಬಿಟ್ಟು ಬೇರೇನೂ ಅವರ ಬಾಯಿಗೆ ಹಾಕಿಲ್ಲ.”

ಟೆಂಪೆಗೆ ಎಲೆ ಕಟ್ಟಿಕೊಡಲು ಹೋದಾಗಲೆಲ್ಲ ಪಕ್ಕದ ಮನೆಯ ಸುಕಿನೆಮ್ ನನ್ನ ಮುಂದೆ ಹೀಗೆ ಹೇಳಿಕೊಳ್ಳುವಳು. ಅವಳ ಗಂಡ ಕಸಿಮಾನ್ ಸೈಕಲ್ ರಿಕ್ಷಾ ತುಳಿಯುವವನು. ಮಾಡಿನ ಹೆಂಚು ಜಾರಿ ಬಿದ್ದು ಅವನ ಮೊಣಕಾಲ ಕೆಳಗೆ ಸೀಳಿತ್ತು. ಗಾಯವಾದವರು ಮೀನು, ಮೊಟ್ಟೆ ತಿಂದರೆ ನವೆಯೇಳುತ್ತದೆ ಎಂದು ಜಾವಾದ ನಮ್ಮ ಕೆಡಿರಿ ಊರಲ್ಲಿ ಎಲ್ಲರೂ ಹೇಳುವುದೇ. ಟೆಂಪೆಯೋ, ಬಡವರ ಮನೆಯಲ್ಲಿ ದಿನಾ ಇದ್ದದ್ದೇ. ಕಾಯಿಲೆಯವರಿಗೆ ಅದನ್ನು ಬಡಿಸುವುದು ಮರ್ಯಾದೆಯಲ್ಲವೆಂದು ಅವಳ ಲೆಕ್ಕ.

ಆ ದಿನ ಗಾಯ ನೋಡಲು ಬಂದ ನರ್ಸ್ ಲಸ್ತ್ರಿಯ ಮುಖ ಸಪ್ಪಗಾಯಿತು. “ಹೀಗೇ ಇದ್ರೆ ದೊಡ್ಡಾಸ್ಪತ್ರೆಗೆ ಕಳಿಸ್ಬೇಕು. ಕಾಲು ಉಳಿಯುತ್ತೆ ಅಂತ ನಾನು ಹೇಳಲಾರೆ. ಊಟ ಏನು ಕೊಡ್ತೀರಮ್ಮಾ?”

“ಗಂಜಿ, ಉಪ್ಪು.”

“ಅಷ್ಟೇನಾ?” ಲಸ್ತ್ರಿ ಚಾಪೆಯ ಮೇಲೆ ಕೂತಳು. “ಗಾಯ ಕೂಡೋದು ಅಂದ್ರೆ ಗೋಡೆ ಎಬ್ಬಿಸಿದ ಹಾಗೆ. ಮಾಂಸ ಬೆಳೆಯೋಕೆ ಪ್ರೋಟೀನು ಬೇಕು. ಪ್ರೋಟೀನಿನ ಇಟ್ಟಿಗೆಗೆ ಅಮೈನೋ ಆಮ್ಲ ಅಂತಾರೆ. ಇಪ್ಪತ್ತು ಬಗೆ. ಕೆಲವನ್ನ ಮೈಯೇ ಮಾಡಿಕೊಳ್ಳುತ್ತೆ, ಮಿಕ್ಕಿದ್ದು ಊಟದಿಂದಲೇ ಬರ್ಬೇಕು. ಗಂಜೀಲಿ ಇಟ್ಟಿಗೇನೇ ಕಮ್ಮಿ, ಅದರಲ್ಲೂ ಒಂದು ಬಗೆ ಏನೂ ಸಾಲದು. ಅದು ಸೋಯಾದಲ್ಲಿ ಬೇಕಾದಷ್ಟಿದೆ. ಟೆಂಪೇಲಿ ಆ ಬೂಷ್ಟು ಆಗಲೇ ಸ್ವಲ್ಪ ಒಡೆದಿಟ್ಟಿರುತ್ತೆ, ಹೊಟ್ಟೆಗೂ ಹಗುರ. ಮೊಟ್ಟೇನೂ ಕೊಡಿ, ನವೆಯೆಲ್ಲ ಸುಳ್ಳು.”

ಕಸಿಮಾನ್ ಗೋಡೆ ಕಡೆಯಿಂದ ಹೊರಳಿದ. “ಕೇಳಿದ್ರಾ? ಊರಿಗೆಲ್ಲ ಇಟ್ಟಿಗೆ ಮಾರ್ತಾಳೆ, ಗಂಡನಿಗೆ ಮಾತ್ರ ಸುಣ್ಣದ ನೀರು!”

ನಾನು ನಕ್ಕುಬಿಟ್ಟೆ. ಸುಕಿನೆಮ್ ನಗಲಿಲ್ಲ. “ಸುಮ್ನಿರಿ, ಕಾಲಿಗಿಂತ ನಿಮ್ಮ ಬಾಯಿ ಬೇಗ ವಾಸಿಯಾಯ್ತು,” ಎಂದಳು.

ಅಂದಿನಿಂದ ಗಂಜಿಯ ಜೊತೆ ಟೆಂಪೆ, ಒಮ್ಮೊಮ್ಮೆ ಮೊಟ್ಟೆ. ಔಷಧಿ, ತೊಳೆಯುವುದು ಎಂದಿನಂತೆ. ಮೊದಮೊದಲು ಏನೂ ಕಾಣಲಿಲ್ಲ. ಅವಳ ಕಣ್ಣ ಕೆಳಗಿನ ಕಪ್ಪು ಮಾತ್ರ ಹೆಚ್ಚಿತು. ಮಳೆಗಾಲ ಮುಗಿಯುವ ಹೊತ್ತಿಗೆ ಗಾಯದ ಅಂಚಿನಲ್ಲಿ ಕೆಂಪು ಹೊಸ ಮಾಂಸ ಏರಿತ್ತು. ಪೂರ್ತಿ ಮುಚ್ಚಿರಲಿಲ್ಲ. “ದೊಡ್ಡಾಸ್ಪತ್ರೆ ಬೇಡ,” ಎಂದಳು ಲಸ್ತ್ರಿ.

ಸುಕಿನೆಮ್ ಗೋಡೆಗೊರಗಿ ಕಣ್ಣು ಮುಚ್ಚಿದಳು. ಅತ್ತಳೋ, ತೂಕಡಿಸಿದಳೋ. ಮತ್ತೆ ಎದ್ದು, ಒಳ್ಳೆಯದೊಂದು ಟೆಂಪೆ ಕಟ್ಟನ್ನು ಆರಿಸಿ ಒಲೆಯ ಪಕ್ಕ ಮನೆಗೆಂದು ಇಟ್ಟಳು. ಉಟ್ಟ ಬಟ್ಟೆ ಎತ್ತಿ ಕಟ್ಟಿ, ಕಾಳಿನ ಬುಟ್ಟಿಗೆ ಇಳಿದು, ಸಿಪ್ಪೆ ಬಿಡುವಂತೆ ನಿಧಾನವಾಗಿ ತುಳಿಯತೊಡಗಿದಳು.