ಕಾಲುವೆಯ ಜೊತೆ ಬಂದ ರೋಗ

ದೇವಾಪುರಕ್ಕೆ ಕಾಲುವೆ ಬಂತು, ಮನೆಯವರು ಕುರಿ ಮಾರಿದರು, ಅದುವರೆಗೆ ಕುರಿ ಕಾಯುತ್ತಿದ್ದ ಮಲಕಮ್ಮ ಭತ್ತದ ನಾಟಿಗೆ ಇಳಿದಳು. ಸಾಲನ್ನು ಅರ್ಧಕ್ಕೇ ಬಿಟ್ಟು ಓಡುವಳು, ಎಲ್ಲರ ಮಾತಿಗೂ ಬಾಯಿ ಹಾಕುವಳು. "ಯಾವಾಗಿಂದ ಹಿಂಗ?" ಎಂದು ಡಾಕ್ಟರು ಕೇಳಿದಾಗ ಗಂಡ ಅಂಬಣ್ಣ, "ಕಾಲುವಿ ನೀರು ಬಂದಾಗಿಂದ್ರಿ" ಎಂದುಬಿಟ್ಟ. ದೊಡ್ಡವಳಾದ ಮೇಲೆ ಬಂದ ಕಾಯಿಲೆಯೆಂದು, ಮನಸ್ಸು ಏರಿಳಿಯುವ ಬೈಪೋಲಾರ್ ರೋಗದ ಗುಳಿಗೆ ಕೊಟ್ಟರು. ವರ್ಷಗಟ್ಟಲೆ ಮಂಕು ಬಡಿದವಳಂತೆ ಕೂತಳು, ಗುಳಿಗೆಯಿಂದ ಕೈ ನಡುಗತೊಡಗಿತು.

ಶಹಾಪುರದ ಹೊಸ ಡಾಕ್ಟರಮ್ಮ ಅವಳ ತಾಯಿಯನ್ನೂ ಕೇಳಿದರು: "ಸಣ್ಣಾಕಿ ಇದ್ದಾಗ ಹೆಂಗಿದ್ಲಬೇ?"

"ಹಿಂಗಾ ಇದ್ಲ್ರಿ, ಕುಂತಲ್ಲಿ ಕುಂದರ್ತಿರಲಿಲ್ಲ. ಕುರಿ ಹಿಂದ ಓಡಾಕ ಅಂಥಾಕಿನಾ ಬೇಕಲ್ರಿ, ರೋಗ ಅಂತ ಯಾರಂತಾರ?"

"ಬೈಪೋಲಾರ್ ಇದ್ದಿದ್ರ ಬಂದು ಬಂದು ಹೋಗ್ತಿತ್ತು. ಇದು ಸಣ್ಣಂದಿನಿಂದ ಇರೋ ಎಡಿಎಚ್‌ಡಿ, ಮನಸ್ಸು ಒಂದ ಕಡೆ ನಿಲ್ಲಂಗಿಲ್ಲ."

ಮಲಕಮ್ಮ ನಡುಗುವ ಕೈಯನ್ನು ಮುಂದೆ ಚಾಚಿದಳು. "ಹಂಗಾರ ಇಷ್ಟು ವರ್ಷ ನಾ ನುಂಗಿದ್ದು ಯಾರ ರೋಗದ ಗುಳಿಗಿರಿ?"